ಬುದ್ಧಿಹಲ್ಲು ಹುಟ್ಟಲೇ ಇಲ್ಲವೆ, ಉದುರಿತೆ?

ಪ್ರಶ್ನೆ: ಉತ್ಖನನದಲ್ಲಿ ಸಿಕ್ಕ ದವಡೆಯಲ್ಲಿ ಬುದ್ಧಿಹಲ್ಲು ಇಲ್ಲ. ಅದು ಹುಟ್ಟಿರಲೇ ಇಲ್ಲ ಎನ್ನಬಹುದೇ?

ಉತ್ತರ: ಬರಿಗಣ್ಣಿನಲ್ಲಿ ನೋಡಿ ಹೇಳಲೇಬೇಡಿ. ಹಲ್ಲು ಕೂರುವ ಗುಳಿ ಖಾಲಿಯಿದ್ದು ಅದರ ಅಂಚು ಚೂಪಾಗಿದ್ದರೆ, ವ್ಯಕ್ತಿ ಸತ್ತ ಮೇಲೆ ಹಲ್ಲು ಉದುರಿದ್ದು. ಗುಳಿಯೇ ಕಾಣದಿದ್ದರೆ ಎಕ್ಸ್‌ರೇ ಬೇಕು. ಹಲ್ಲು ಮೂಳೆಯೊಳಗೆ ಅಡ್ಡಬಿದ್ದಿರಬಹುದು. 2005ರಲ್ಲಿ ಪ್ರಾಚೀನ ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಮಮ್ಮಿಯ ಸಿಟಿ ಸ್ಕ್ಯಾನ್ ಮಾಡಿದಾಗ ಹಾಗೆ ಸಿಕ್ಕಿಕೊಂಡ ಬುದ್ಧಿಹಲ್ಲು ಕಂಡಿತ್ತು. ಎಕ್ಸ್‌ರೇಯಲ್ಲೂ ಏನಿಲ್ಲವೇ? ಎರಡನೇ ದವಡೆಹಲ್ಲಿನ ಹಿಂಬದಿ ನೋಡಿ. ಅಲ್ಲಿ ಉಜ್ಜಿ ಸವೆದ ಚಪ್ಪಟೆ ಗುರುತಿದ್ದರೆ ಪಕ್ಕದಲ್ಲಿ ಹಲ್ಲಿತ್ತು, ಬದುಕಿದ್ದಾಗಲೇ ಬಿದ್ದು ಗುಳಿ ಮುಚ್ಚಿದೆ. ಮಕ್ಕಳ ದವಡೆಯಾದರೆ ತೀರ್ಪು ಬೇಡ; ಈ ಹಲ್ಲಿನ ಮೊಳಕೆ ಕೆಲವರಲ್ಲಿ ತೀರಾ ತಡವಾಗಿ ಮೂಡುತ್ತದೆ. ಗುಳಿಯಲ್ಲಿ ಗಟ್ಟಿಯಾದ ಖನಿಜಭರಿತ ಮಣ್ಣೂ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡು ಹಲ್ಲೆಂದು ಮೋಸ ಮಾಡೀತು. ಡಿಎನ್‌ಎ ಮಾದರಿ ಬೇಕಿದ್ದರೆ ಮೈಕ್ರೋ-ಸಿಟಿಗೆ (ಅತಿ ಸೂಕ್ಷ್ಮ ವಿವರ ತೋರಿಸುವ ಎಕ್ಸ್‌ರೇ ಸ್ಕ್ಯಾನ್) ಮುಂಚೆಯೇ ತೆಗೆದಿಡಿ, ವಿಕಿರಣದ ಪ್ರಮಾಣ ಹೆಚ್ಚಾದರೆ ಡಿಎನ್‌ಎ ಹಾಳಾಗುತ್ತದೆ.