ಪ್ರತಿಕ್ರಿಯೆ: ಮುಂದಿನ ವಾರದ ಸಿನಿಮಾ ಆಟಗಳು ಆ್ಯಪ್‌ನಲ್ಲಿ ಕಾಣದಿರುವ ಬಗ್ಗೆ

ಭಾನುವಾರ ಭಾಗಮಂಡಲದಿಂದ ಮಡಿಕೇರಿಗೆ ಸಿನಿಮಾ ನೋಡಲು ಬರಬೇಕೆಂದಿರುವ ನಿಮಗೆ ಟಿಕೆಟ್ ಆ್ಯಪ್‌ನಲ್ಲಿ ಗುರುವಾರದ ಆಚೆಗೆ ಏನೂ ಕಾಣದಿದ್ದರೆ, ಚಿತ್ರಮಂದಿರ ಮುಚ್ಚಿದೆ ಎಂದಲ್ಲ, ಮುಂದಿನ ವಾರದ ಆಟಗಳು ಇನ್ನೂ ನಿಗದಿಯಾಗಿಲ್ಲ ಎಂದೇ ತೋರುತ್ತದೆ. ಒಂದೇ ಪರದೆಯ ಚಿತ್ರಮಂದಿರಗಳಲ್ಲಿ ಸಾಮಾನ್ಯವಾಗಿ ಶುಕ್ರವಾರ ಚಿತ್ರ ಬದಲಾಗುತ್ತದೆ. ಓಡುತ್ತಿರುವ ಚಿತ್ರದ ಗಳಿಕೆಯನ್ನು ನೋಡಿಕೊಂಡು ಮಾಲೀಕರೂ ವಿತರಕರೂ ಶುಕ್ರವಾರಕ್ಕೆ ಸ್ವಲ್ಪ ಮೊದಲಷ್ಟೇ ಮಾತು ಮುಗಿಸುವುದರಿಂದ, ಆ್ಯಪ್‌ನಲ್ಲಿ ಸಮಯ ಮೂಡುವುದು ಕೆಲವೊಮ್ಮೆ ಗುರುವಾರ ರಾತ್ರಿಯೇ.

ಅಲ್ಲಿಯವರೆಗೆ ಕಾದು ನೋಡಿ. ಆಗಲೂ ಕಾಣದಿದ್ದರೆ ಶುಕ್ರವಾರ ಮ್ಯಾಟಿನಿಗೆ ಅರ್ಧ ಗಂಟೆ ಮೊದಲು ಚಿತ್ರಮಂದಿರಕ್ಕೆ ಫೋನ್ ಮಾಡಿ. ಆ ಹೊತ್ತಿಗೆ ಕೌಂಟರಿನಲ್ಲಿ ಯಾರಾದರೂ ಇರುವ ಸಾಧ್ಯತೆ ಹೆಚ್ಚು. ಯಾವ ಚಿತ್ರ ಎಂದಷ್ಟೇ ಕೇಳದೆ, ಭಾನುವಾರ ಎಷ್ಟು ಆಟಗಳಿವೆ, ಕನಿಷ್ಠ ಎಷ್ಟು ಜನ ಬಂದರೆ ಆಟ ನಡೆಸುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ. ಮಳೆಗಾಲದಲ್ಲಿ ಈ ಕೊನೆಯ ಪ್ರಶ್ನೆಯೇ ಮುಖ್ಯ: ಒಮ್ಮೆ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ನಾವು ಐದೇ ಮಂದಿ ಕೊಡೆಯಿಂದ ನೀರು ತೊಟ್ಟಿಕ್ಕಿಸುತ್ತಾ ಕುಳಿತಿದ್ದೆವು, ಹಣ ಹಿಂದಿರುಗಿಸಿ ಕಳುಹಿಸಿಬಿಟ್ಟರು. ಆನ್‌ಲೈನ್‌ನಲ್ಲಿ ಕಾದಿರಿಸಿದವರಿಗೆ ಅಷ್ಟು ಬೇಗ ಹಣ ಮರಳುತ್ತದೆಂಬ ಭರವಸೆಯಿಲ್ಲವಾದ್ದರಿಂದ ಟಿಕೆಟನ್ನು ಕೌಂಟರಿನಲ್ಲೇ ಕೊಳ್ಳಿರಿ. ರಾತ್ರಿ ಆಟ ಮುಗಿದ ಮೇಲೆ ನಿಮ್ಮ ಕಡೆಗೆ ಬಸ್ಸು ಸಿಗುವುದು ಅನುಮಾನ, ಮ್ಯಾಟಿನಿಯನ್ನೇ ಆರಿಸಿಕೊಳ್ಳಿ.