ಕರೆಂಟ್ ಉಳಿಸುವ ಶಾಲೆ ಕಟ್ಟಡ: ಇದರಲ್ಲಿ ಕಂಟ್ರಾಕ್ಟರ್ ಕೆಲಸ ಏನು?

ಕುಂದಾಪುರದ ಹತ್ತಿರದ ನಿಮ್ಮ ಶಾಲೆಗೆ ಹಳೆ ವಿದ್ಯಾರ್ಥಿಗಳು ಸೇರಿ ಆರು ಕ್ಲಾಸ್‌ರೂಮ್ ಕಟ್ಟಿಸುತ್ತಿದ್ದೀರಿ. ಕರೆಂಟ್ ಕಡಿಮೆ ಸಾಕಾಗುವ ಹಾಗೆ ಇಂಜಿನಿಯರ್ ನಕ್ಷೆ ಮಾಡಿದ್ದಾರೆ, ಇನ್ನು ಕಂಟ್ರಾಕ್ಟರ್ ಮಾಡುವುದಕ್ಕೆ ಏನುಂಟು ಎಂದು ಕೇಳಿದ್ದೀರಿ. ನಾನು ಉಡುಪಿಯಲ್ಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಕ್ಷೆಯಲ್ಲಿ ಉಳಿಸಿದ್ದನ್ನು ಸೈಟಿನಲ್ಲಿ ಕಳೆಯುವುದು ಬಹಳ ಸುಲಭ. ಒಮ್ಮೆ ನಾನೇ ಕಳೆದಿದ್ದೇನೆ.

ಅದೂ ಶಾಲೆ ಕೆಲಸವೇ. ಕಿಟಕಿಗಳ ಮೇಲೆ ಮೂರಡಿ ಸಜ್ಜಾ ಎಂದು ನಕ್ಷೆಯಲ್ಲಿತ್ತು. ಮಳೆಗಾಲ ಹತ್ತಿರ ಬಂದಿತ್ತು, ಸೆಂಟ್ರಿಂಗ್ ಖರ್ಚು ಲೆಕ್ಕ ಮೀರಿತ್ತು. ಒಂದೂವರೆ ಅಡಿ ಸಾಕು ಎಂದು ಕಮಿಟಿಯವರನ್ನು ಒಪ್ಪಿಸಿದೆ. ಜೂನ್‌ನಲ್ಲಿ ಗಾಳಿಮಳೆ ಶುರುವಾಯಿತು ನೋಡಿ, ನೀರು ಸೀದಾ ಬೆಂಚಿನ ಮೇಲೆ. ಟೀಚರ್‌ಗಳು ಕಿಟಕಿ ಮುಚ್ಚಿದರು. ಮುಚ್ಚಿದರೆ ಒಳಗೆ ಕತ್ತಲೆ, ಸೆಕೆ. ಬೆಳಿಗ್ಗೆಯಿಂದ ಸಂಜೆವರೆಗೆ ಲೈಟು, ಫ್ಯಾನು. ಮಳೆಗಾಲ ಮುಗಿಯುವವರೆಗೂ ಹಾಗೇ. ಹಗಲಲ್ಲಿ ಆ ಮಕ್ಕಳು ಟ್ಯೂಬ್‌ಲೈಟಿನಡಿ ಓದುತ್ತಿದ್ದದ್ದು ನನಗೆ ಇವತ್ತಿಗೂ ಬೇಸರ.

ಹಸಿರು ಕಟ್ಟಡ ಎಂದರೆ ಎಲ್ಲರೂ ಬಿಸಿಲಿನ ಮಾತೇ ಆಡುತ್ತಾರೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ. ಸುರಿಯುವಾಗಲೂ ಕಿಟಕಿ ತೆರೆದಿಡಬಹುದಾ? ಕರೆಂಟ್ ಬಿಲ್ಲಿನ ದೊಡ್ಡ ಪಾಲು ನಿಂತಿರುವುದು ಅದರ ಮೇಲೆ. ಹಾಗಾಗಿ ಸಜ್ಜಾದ ಅಳತೆ, ಜಗಲಿಯ ಅಗಲ, ಕಿಟಕಿಯ ಎತ್ತರ ಇವನ್ನು ಇಂಜಿನಿಯರ್ ಬರಹದಲ್ಲಿ ಒಪ್ಪದೆ ಬದಲಿಸುವಂತಿಲ್ಲ ಎಂದು ಅಗ್ರಿಮೆಂಟಿನಲ್ಲೇ ಹಾಕಿಸಿ. ಯಾಕೆಂದರೆ ಬೇರೆ ಯಾರೂ ಬಂದು ನೋಡುವುದಿಲ್ಲ. ಕೇಂದ್ರದ 2017ರ ಇಂಧನ ಉಳಿತಾಯದ ಕಟ್ಟಡ ಸಂಹಿತೆ, ಅಂದರೆ ಇಸಿಬಿಸಿ, ಮಾಡಿದ್ದೇ 100 ಕಿಲೋವ್ಯಾಟ್ ಅಥವಾ ಜಾಸ್ತಿ ಲೋಡ್ ಇರುವ ಕಟ್ಟಡಗಳಿಗೆ. ಆರು ರೂಮಿನ ಶಾಲೆ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಮತ್ತೆ ಮಾಡಿನ ವಿಷಯ. ನಮ್ಮಲ್ಲಿ ಸ್ಲ್ಯಾಬ್ ಹಾಕಿದ ಎಷ್ಟೋ ಕಡೆ ಕೆಲವೇ ವರ್ಷದಲ್ಲಿ ಸೋರುತ್ತದೆ ಎಂದು ಮೇಲೆ ಶೀಟ್ ಹಾಕಿಸುತ್ತಾರೆ, ಅಲ್ವಾ? ಶೀಟ್ ತಪ್ಪಲ್ಲ. ಮಧ್ಯೆ ಗಾಳಿ ಆಡಲು ಜಾಗ ಬಿಟ್ಟರೆ ಸ್ಲ್ಯಾಬಿಗೆ ನೇರ ಬಿಸಿಲು ಬೀಳದೆ ಕೆಳಗಿನ ರೂಮು ತಂಪಾಗಿರುತ್ತದೆ. ಆದರೆ ಆಮೇಲೆ ಹಾಕಿದ ಶೀಟಿನ ಇಳಿಜಾರು ಎತ್ತಲೋ ಇರುತ್ತದೆ, ಸೋಲಾರ್‌ಗೆ ಒಗ್ಗುವುದಿಲ್ಲ. ಒಳ್ಳೆಯ ಕಂಟ್ರಾಕ್ಟರ್ ಇದನ್ನು ಮೊದಲೇ ಹೇಳಬೇಕು. ಶೀಟ್ ಹೊರುವ ಕಬ್ಬಿಣದ ಚೌಕಟ್ಟು, ಅಂದರೆ ಟ್ರಸ್, ಈಗಲೇ ಎಸ್ಟಿಮೇಟಿಗೆ ಸೇರಲಿ. ದಕ್ಷಿಣಕ್ಕೆ ಹದಿಮೂರು ಡಿಗ್ರಿಯ ಆಸುಪಾಸು ಇಳಿಜಾರು ಕೊಡಿ. ನಮ್ಮ ಅಕ್ಷಾಂಶಕ್ಕೆ ಪ್ಯಾನೆಲ್‌ಗೆ ಅದೇ ಸರಿ. ಕಡಲಿನ ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣ ಬಾಳುವುದಿಲ್ಲ, ಗ್ಯಾಲ್ವನೈಸ್ ಆದದ್ದೇ ಬೇಕು. ಪ್ಯಾನೆಲ್ ಈಗಲೇ ಹಾಕದಿದ್ದರೂ ಮಾಡಿನಿಂದ ಮೀಟರ್ ಬೋರ್ಡಿಗೆ ಖಾಲಿ ಪೈಪ್ ಬಿಡಿಸಿ. ಪ್ಲಾಸ್ಟರಿಂಗ್ ಮುಗಿದ ಮೇಲೆ ಕೆಂಪುಕಲ್ಲಿನ ಗೋಡೆ ಕಡಿಯುವುದು ಸುಮ್ನೆ ದಂಡ. ಸೋಲಾರ್ ಹಾಕಿಸಿದರೆ ಮೆಸ್ಕಾಂ ನೆಟ್ ಮೀಟರ್ ಬೇಕೇ ಬೇಕು. ಬಿಸಿಲು ಜೋರಾಗಿರುವ ಏಪ್ರಿಲ್, ಮೇ ತಿಂಗಳಲ್ಲೇ ಶಾಲೆಗೆ ರಜೆ. ಆಗ ಆಗುವ ಯೂನಿಟ್ ಗ್ರಿಡ್‌ಗೆ ಹೋಗಿ ನಿಮ್ಮ ಲೆಕ್ಕಕ್ಕೆ ಬರಬೇಕಲ್ಲ.

ಫ್ಯಾನಿನ ಲೆಕ್ಕ ಸಣ್ಣದು, ಆದರೆ ಬಿಡಬೇಡಿ. ರೂಮಿಗೆ ನಾಲ್ಕರಂತೆ 24 ಫ್ಯಾನ್. ಹಳೆ ಮಾದರಿಯದು 75 ವ್ಯಾಟ್ ತಿಂದರೆ ಕರೆಂಟ್ ಕಡಿಮೆ ತಿನ್ನುವ ಹೊಸ ಬಿಎಲ್‌ಡಿಸಿ ಫ್ಯಾನ್‌ಗೆ 30 ಸಾಕು. ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 200 ದಿನ ಓಡಿದರೂ ಸುಮಾರು 1,300 ಯೂನಿಟ್ ಉಳಿಯುತ್ತದೆ. ಎಸ್ಟಿಮೇಟಿನಲ್ಲಿ ಬರೇ "ಸೀಲಿಂಗ್ ಫ್ಯಾನ್" ಎಂದು ಬರೆದಿದ್ದರೆ ಕಂಟ್ರಾಕ್ಟರ್ ಅಗ್ಗದ್ದನ್ನೇ ತರುತ್ತಾನೆ. ಅದು ಅವನ ಮೋಸವಲ್ಲ, ನೀವು ಬರೆಯದೇ ಇದ್ದದ್ದು.

ಕೊನೇ ಬಿಲ್ ಕೊಡುವ ಮೊದಲು ಗೋಡೆಯೊಳಗಿನ ಪೈಪುಗಳ ಫೋಟೋ ಕೇಳಿ ತೆಗೆದುಕೊಳ್ಳಿ. ಮಳೆಗೆ ಮೊದಲು ಮಾಡಿನ ನೀರು ಹರಿಯುವ ದಂಬೆಯ ಕಸ ತೆಗೆಯುವುದು ಹೇಗೆ, ಯಾವ ಸ್ವಿಚ್ ಯಾವ ಸಾಲಿನ ಲೈಟಿಗೆ ಎಂದು ಶಾಲೆಯ ಅಟೆಂಡರ್‌ಗೆ ಕಂಟ್ರಾಕ್ಟರೇ ತೋರಿಸಿಕೊಡಲಿ. ನಕ್ಷೆ ಇನ್ನೂ ಫೈನಲ್ ಆಗಿಲ್ಲ ಎಂದಾದರೆ ಈ ವಾರವೇ ಕಂಟ್ರಾಕ್ಟರನ್ನು ಇಂಜಿನಿಯರ್ ಜೊತೆ ಕೂರಿಸಿ. ಖರ್ಚು ಜಾಸ್ತಿಯಾದರೆ ಯಾವುದನ್ನು ಕಡಿಮೆ ಮಾಡುತ್ತೀರಿ ಎಂದು ಅಲ್ಲೇ ಕೇಳಿ. ಸಜ್ಜಾ ಎಂದು ಹೇಳಿದರೆ ನನ್ನ ಈ ಕತೆ ಅವರಿಗೂ ಹೇಳಿ.