ಮರಿ ಬಾಲ ಅಲ್ಲಾಡಿಸಿದರೆ ಮನೆ ಕಾಯುವುದಿಲ್ಲವೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷ: ದೊಡ್ಡ ಜಾತಿಯ ನಾಯಿಮರಿ ತಂದಿದ್ದೇವೆ, ಅದಕ್ಕೆ ರೋಷ ಬರಿಸುವುದು ಹೇಗೆ? ಹಾಗಾಗಿ ಇಲ್ಲಿನ ಜಾಗದ ದೊಡ್ಡ ಪಾಲು ಅದಕ್ಕೇ. ಲಸಿಕೆ ಪಟ್ಟಿ, ಜಂತುಹುಳದ ಔಷಧ, ಮೈ ತೊಳೆಸುವುದು ಇವನ್ನೆಲ್ಲ ನಿಮ್ಮ ಪಶುವೈದ್ಯರು ಹೇಳಿಯೇ ಇರುತ್ತಾರೆ. ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನಮ್ಮ ರಾಟ್‌ವೈಲರ್ ಮರಿಗೆ ಮೂರೂವರೆ ತಿಂಗಳು. ಯಾರು ಬಂದರೂ ಬಾಲ ಅಲ್ಲಾಡಿಸುತ್ತಾ ಕಾಲು ಸುತ್ತುತ್ತದೆ. ಹೀಗೇ ಬಿಟ್ಟರೆ ಮನೆ ಕಾಯುವುದಿಲ್ಲ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಕಟ್ಟಿಹಾಕಿ ಎಂದು ಟ್ರೇನರ್ ಒಬ್ಬರು ಹೇಳಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ಮಾಡಬೇಡಿ. ಆ ಟ್ರೇನರಿಗೆ ದೂರದಿಂದಲೇ ಕೈಮುಗಿಯಿರಿ.

ಮೂರೂವರೆ ತಿಂಗಳ ಮರಿ ಬಾಲ ಅಲ್ಲಾಡಿಸದೆ ಇನ್ನೇನು ಮಾಡಬೇಕಿತ್ತು? ಈ ತಳಿಗಳು ಬಲಿಯುವುದಕ್ಕೆ ಎರಡರಿಂದ ಮೂರು ವರ್ಷ ಬೇಕು. ಕಾಯುವ ಬುದ್ಧಿ ಒಂದು ವರ್ಷದ ಆಚೀಚೆ ತಲೆಯೆತ್ತುತ್ತದೆ, ಯಾರೂ ಚುಚ್ಚಿ ಎಬ್ಬಿಸಬೇಕಿಲ್ಲ. ಈಗ ಮರಿ ಮಾಡುತ್ತಿರುವುದು ಬೇರೆ ಕೆಲಸ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಕಂಡದ್ದನ್ನೆಲ್ಲ ಅದು ‘ಇದು ಮಾಮೂಲಿ’ ಎಂದು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ನಿಮ್ಮ ಮರಿಗೆ ಆ ಬಾಗಿಲು ಮುಚ್ಚುತ್ತಾ ಬಂದಿದೆ, ಚಿಲಕ ಇನ್ನೂ ಬಿದ್ದಿಲ್ಲ. ಈ ಹೊತ್ತಿನಲ್ಲಿ ಕಟ್ಟಿಹಾಕಿದರೆ ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಓಡುವ ಮಕ್ಕಳು, ಕೋಲೂರಿ ನಡೆಯುವ ಮುದುಕರು ಎಲ್ಲರೂ ಅದಕ್ಕೆ ಅಪಾಯವೇ. ಮಾಮೂಲಿ ಯಾವುದೆಂದು ಗೊತ್ತಿಲ್ಲದ ನಾಯಿಗೆ ಮಾಮೂಲಿ ಅಲ್ಲದ್ದು ಹೇಗೆ ಗೊತ್ತಾಗಬೇಕು?

ಹಾಗೆ ಬೆಳೆದ ನಾಯಿ ಕಚ್ಚುತ್ತದೆ, ನಿಜ. ಆದರೆ ಭಯಕ್ಕೆ ಕಚ್ಚುತ್ತದೆ: ಬೆನ್ನು ತಿರುಗಿಸಿದವರ ಹಿಮ್ಮಡಿಗೆ, ಆಡಲು ಬಂದ ಪಕ್ಕದ ಮನೆ ಮಗುವಿನ ಕೈಗೆ. ದಿಟವಾದ ಕಳ್ಳ ಎದೆಸೆಟೆಸಿ ಮೇಲೆ ಬಂದರೆ ಅದೇ ನಾಯಿ ಮಂಚದಡಿ ಸೇರುವುದೇ ಹೆಚ್ಚು, ಏಕೆಂದರೆ ಭಯ ಮೊದಲು ಹೇಳಿಕೊಡುವುದು ಓಡುವುದನ್ನು. ಸರಪಳಿಯಲ್ಲಿದ್ದರೆ ಓಡುವ ದಾರಿಯೂ ಇಲ್ಲ, ಕೈಗೆ ಸಿಕ್ಕವರು ಅನುಭವಿಸುತ್ತಾರೆ.

ಕಾವಲಿಗೆ ಕಚ್ಚಲೇಬೇಕೆಂದೂ ಇಲ್ಲ. ಬುಲ್‌ಮ್ಯಾಸ್ಟಿಫ್ ಎಂಬ ಕಾವಲು ನಾಯಿಯ ತಳಿ ಹುಟ್ಟಿದ್ದು 19ನೇ ಶತಮಾನದ ಇಂಗ್ಲೆಂಡಿನಲ್ಲಿ, ದೊಡ್ಡ ಎಸ್ಟೇಟುಗಳಿಗೆ ರಾತ್ರಿ ನುಗ್ಗುವ ಕಳ್ಳಬೇಟೆಗಾರರನ್ನು ಹಿಡಿಯಲು. ಕಾವಲುಗಾರರಿಗೆ ಬೇಕಿದ್ದದ್ದು ಆಳನ್ನು ಕೆಡವಿ, ಯಜಮಾನ ಬರುವವರೆಗೆ ಅಲುಗದಂತೆ ಅದುಮಿ ಹಿಡಿಯುವ ನಾಯಿ. ಸಿಗಿದುಹಾಕುವ ನಾಯಿ ಅವರಿಗೂ ತಲೆನೋವೇ ಆಗಿತ್ತು.

ಈಗ ಮಾಡಬೇಕಾದದ್ದು. ದಿನಕ್ಕೊಮ್ಮೆ, ಐದರಿಂದ ಹತ್ತು ನಿಮಿಷ, ಜನ ಓಡಾಡುವ ಜಾಗದ ಅಂಚಿಗೆ ಕರೆದೊಯ್ಯಿರಿ. ಲಸಿಕೆಯ ಕೊನೆಯ ಡೋಸ್ ಮುಗಿಯದಿದ್ದರೆ ನೆಲಕ್ಕೆ ಇಳಿಸದೆ ಕಾರಿನ ಹಿಂಬಾಗಿಲು ತೆರೆದು ಒಳಗೇ ಕೂರಿಸಿ. ಜನರಿಂದ ಐದಾರು ಮೀಟರ್ ದೂರವಿರಲಿ. ಮರಿ ಒಬ್ಬರನ್ನು ನೋಡಿತೇ, ಕಡಲೆಕಾಳಿನಷ್ಟು ತಿಂಡಿ ಕೊಡಿ. ತಿಂಡಿ ಮೂಸಿಯೂ ನೋಡದಿದ್ದರೆ ಹತ್ತಿರವಾಯಿತು ಎಂದರ್ಥ, ಇನ್ನೆರಡು ಮೀಟರ್ ಹಿಂದೆ ಸರಿಯಿರಿ. ದಾರಿಹೋಕರೆಲ್ಲ ಬಂದು ತಲೆ ಸವರಬೇಕಿಲ್ಲ. ಅಪರಿಚಿತರನ್ನು ಕಂಡರೆ ಮುದ್ದಿಗೆ ನುಗ್ಗದೆ, ಹೆದರಿ ಹಿಂಜರಿಯದೆ, ‘ಇರಲಿ ಬಿಡು’ ಎಂದು ನೋಡುತ್ತಾ ಕೂರುವ ಮರಿಯೇ ನಮಗೆ ಬೇಕು.

ಇನ್ನು ಮುಂಬಾಗಿಲು. ಬಾಗಿಲಿನಿಂದ ಎರಡು ಮೂರು ಮೀಟರ್ ಒಳಗೆ ಒಂದು ಚಾಪೆ ಹಾಕಿ. ಅತಿಥಿಗಳಿಲ್ಲದ ಹೊತ್ತಿನಲ್ಲಿ ಮನೆಯವರೇ ಒಬ್ಬರು ಬೆಲ್ ಒತ್ತಲಿ. ಇನ್ನೊಬ್ಬರು ಮರಿಯನ್ನು ಎರಡು ಮೀಟರ್ ಬೆಲ್ಟಿನಲ್ಲಿ ಹಿಡಿದು ‘ಜಾಗಕ್ಕೆ’ ಎಂದು ಚಾಪೆಗೆ ಕರೆತಂದು, ಕೂತ ಕೂಡಲೇ ಮುಂಗಾಲುಗಳ ನಡುವೆ ತಿಂಡಿ ಬೀಳಿಸಲಿ. ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಬೆಲ್ ಕೇಳಿ ತಾನೇ ಚಾಪೆಯ ಕಡೆ ತಿರುಗತೊಡಗಿದ ಮೇಲೆ ಚಿಲಕದ ಸದ್ದು, ಆಮೇಲೆ ಗೇಣಗಲ ಬಾಗಿಲು, ಆಮೇಲೆ ಪೂರಾ. ಮರಿ ಎದ್ದರೆ ಬಾಗಿಲು ಮುಚ್ಚುತ್ತದೆ, ಬೈಗುಳ ಬೇಡ. ಎಲ್ಲರೂ ಎಡವುವುದು ಇಲ್ಲೇ: ಎರಡು ದಿನ ಮನೆಯವರೊಂದಿಗೆ ಮಾಡಿ ಮೂರನೇ ದಿನ ಹತ್ತು ಜನ ನೆಂಟರನ್ನು ಒಟ್ಟಿಗೆ ಒಳಬಿಡುತ್ತಾರೆ.

ಬೆಲ್‌ಗೆ ಎರಡು ಮೂರು ಸಲ ಬೊಗಳಿದರೆ ಬೊಗಳಲಿ, ಅದು ಅದರ ಕೆಲಸ. ಆಮೇಲೆ ‘ಸಾಕು’ ಎಂದು ಮೂಗಿನ ಹತ್ತಿರ ತಿಂಡಿ ತನ್ನಿ. ಮೂಸುತ್ತಾ ಬೊಗಳಲು ಬರುವುದಿಲ್ಲ, ಬಾಯಿ ಮುಚ್ಚಿದ ಕ್ಷಣ ಕೊಡಿ. ನಲವತ್ತೈದು ಕಿಲೋ ನಾಯಿ ಗಡುಸಾಗಿ ಬೊಗಳಿ, ನಿಮ್ಮ ಒಂದು ಮಾತಿಗೆ ಸುಮ್ಮನಾಗಿ ಬಂದವರನ್ನೇ ದಿಟ್ಟಿಸುತ್ತಾ ನಿಂತರೆ ಮನೆಗೆ ಬೇಕಾದ ಕಾವಲು ಅಷ್ಟೇ. ಕಚ್ಚುವ ತರಬೇತಿ ಕೇಳಲೇಬೇಡಿ. ಕಚ್ಚಲು ಯಾರು ಬೇಕಾದರೂ ಕಲಿಸುತ್ತಾರೆ, ಹೇಳಿದ ಕ್ಷಣ ಬಿಡಲು ಕಲಿಸಬಲ್ಲವರು ಬೆರಳೆಣಿಕೆಯಷ್ಟು.

ಆರರಿಂದ ಹದಿನಾಲ್ಕು ತಿಂಗಳ ನಡುವೆ ಮರಿ ಇದ್ದಕ್ಕಿದ್ದಂತೆ ನಿನ್ನೆಯವರೆಗೆ ಕಂಡ ಕಸದ ಡಬ್ಬಿಗೂ ಬೆದರಬಹುದು. ಅದನ್ನು ‘ಕಾವಲು ಬುದ್ಧಿ ಬಂತು’ ಎಂದು ಮೆರೆಸಬೇಡಿ, ಡಬ್ಬಿಯ ಹತ್ತಿರ ಎಳೆದೊಯ್ಯಲೂ ಬೇಡಿ. ದೂರ ನಿಂತು ತಾನೇ ನೋಡಿ ಸಮಾಧಾನವಾಗಲಿ.

ಕೊನೆಯದಾಗಿ, ಗುರ್ ಎಂದರೆ ಹೊಡೆಯಬೇಡಿ. ಹೊಡೆದರೆ ನಿಲ್ಲುವುದು ಗುರ್ ಮಾತ್ರ, ಅದರ ಹಿಂದಿನ ಭಯ ಅಲ್ಲೇ ಉಳಿಯುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ತೆರೆದಿದ್ದ ಬಾಯಿ ಥಟ್ಟನೆ ಮುಚ್ಚುವುದು, ಮೈ ಮರಗಟ್ಟುವುದು, ಕಣ್ಣಂಚಿನ ಬಿಳಿ ಕಾಣುವುದು, ಇವೆಲ್ಲ ಗುರ್‌ಗಿಂತ ಮೊದಲೇ ಬರುತ್ತವೆ. ಬಾಲವನ್ನು ಎತ್ತರಕ್ಕೆ ಸೆಟೆಸಿ ಬಿರುಸಾಗಿ ಆಡಿಸುವುದೂ ಸ್ನೇಹವಲ್ಲ. ಇದು ಕಂಡರೆ ನಾಯಿಯನ್ನು ಅಲ್ಲಿಂದ ದೂರ ಕರೆದುಕೊಳ್ಳಿ.

ಪ್ರಶ್ನೆ: ಗ್ರೇಟ್ ಡೇನ್ ಮರಿ. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಸಿರಪ್ ಎಷ್ಟು ಕೊಡಬೇಕು?

ಉತ್ತರ: ಒಂದು ಹನಿಯೂ ಬೇಡ. ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಆರು ತಿಂಗಳವರೆಗೆ ಸರಿಯಾಗಿ ಬಂದಿರುವುದಿಲ್ಲ. ಸುರಿದದ್ದೆಲ್ಲ ಒಳಗೆ ಹೋಗಿ ಮೂಳೆ ಮತ್ತು ಮೃದ್ವಸ್ಥಿಯ ಬೆಳವಣಿಗೆ ಕೆಡುತ್ತದೆ, ಸೊಟ್ಟಗಾಲು ಬರುವುದೂ ಹೀಗೆಯೇ. ‘ದೊಡ್ಡ ತಳಿಯ ಮರಿಗಳಿಗೆ’ ಎಂದು ಬರೆದಿರುವ ಆಹಾರ ಆರಿಸಿ. ಒಣತೂಕದ ಲೆಕ್ಕದಲ್ಲಿ ಕ್ಯಾಲ್ಸಿಯಂ ಶೇ 0.8ರಿಂದ 1.2 ಇದ್ದರೆ ಸಾಕು. ಮರಿಯನ್ನು ಗುಂಡಗೆ ಬೆಳೆಸಬೇಡಿ. ಪಕ್ಕೆಯ ಮೇಲೆ ಬೆರಳಾಡಿಸಿದರೆ ಒತ್ತದೆಯೇ ಎಲುಬು ಎಣಿಸಲು ಸಿಗಬೇಕು.

ಪ್ರಶ್ನೆ: ಹಸಿಮಾಂಸ, ಮೆಣಸಿನಕಾಯಿ ತಿನ್ನಿಸಿದರೆ ರೋಷ ಬರುತ್ತದೆಯೇ?

ಉತ್ತರ: ಭೇದಿ ಬರುತ್ತದೆ.

ಪ್ರಶ್ನೆ: ಅಂಗುಳ ಕಪ್ಪಗಿರುವ ಮರಿಯನ್ನೇ ಆರಿಸಬೇಕೇ?

ಉತ್ತರ: ಅಂಗುಳ ಬಿಡಿ, ತಾಯಿನಾಯಿ ಅಪರಿಚಿತರೆದುರು ಹೇಗಿರುತ್ತಾಳೆ ನೋಡಿ, ತಂದೆತಾಯಿಗಳ ಸೊಂಟದ ಕೀಲಿನ ಎಕ್ಸ್‌ರೇ ಕೇಳಿ. ಎಕ್ಸ್‌ರೇ ಎಂದಾಗ ನಗುವವರ ಹತ್ತಿರ ಮರಿ ತರಬೇಡಿ.

ಪ್ರಶ್ನೆ: ಫ್ಲ್ಯಾಟಿನಲ್ಲಿ ಕಕೇಷಿಯನ್ ಶೆಫರ್ಡ್ ಸಾಕಬಹುದೇ?

ಉತ್ತರ: ರಾತ್ರಿಯಿಡೀ ಮಂದೆ ಕಾದು, ಯಾರನ್ನೂ ಕೇಳದೆ ತಾನೇ ತೀರ್ಮಾನ ಮಾಡಲೆಂದು ಬೆಳೆಸಿದ ತಳಿ ಅದು. ಲಿಫ್ಟಿನಲ್ಲೂ ಹಾಗೇ ಮಾಡುತ್ತದೆ. ಬೇಡ.

ಪ್ರಶ್ನೆ: ನಾಯಿ ಬಹಳ ಸಾಧು. ಎರಡು ವರ್ಷದ ಮಗುವಿನ ಜೊತೆ ಐದು ನಿಮಿಷ ಬಿಟ್ಟಿರಬಹುದೇ?

ಉತ್ತರ: ಇಲ್ಲ. ಒಂದು ನಿಮಿಷವೂ ಇಲ್ಲ.

ಪ್ರಶ್ನೆ: ಊಟವಾದ ಮೇಲೆ ನಮ್ಮ ಡೇನ್ ಆಗಾಗ ಹೊಟ್ಟೆ ಉಬ್ಬಿಸಿಕೊಂಡು ಓಕರಿಸುತ್ತದೆ, ವಾಂತಿ ಬರುವುದಿಲ್ಲ. ಮನೆಮದ್ದು ಹೇಳಿ.

ಉತ್ತರ: ಇದನ್ನು ಪತ್ರ ಬರೆದು ಕೇಳುತ್ತಾರೆಯೇ? ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿಕೊಂಡು ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ಹೊಟ್ಟೆಯ ಒಳದಾರಿ ಹೊರದಾರಿ ಎರಡೂ ಮುಚ್ಚಿ, ರಕ್ತದ ಓಡಾಟ ನಿಂತು, ಕೆಲವೇ ಗಂಟೆಗಳಲ್ಲಿ ನಾಯಿ ಸಾಯುತ್ತದೆ. ಓಕರಿಕೆ ಬಂದೂ ಏನೂ ಹೊರಬರದಿರುವುದು, ಜೊಲ್ಲು, ಕೂರಲಾಗದೆ ನಿಲ್ಲಲಾಗದೆ ತಿರುಗಾಡುವುದು, ಎಡಪಕ್ಕೆ ತಟ್ಟಿದರೆ ತಮಟೆಯಂಥ ಸದ್ದು: ಇವುಗಳಲ್ಲಿ ಎರಡು ಕಂಡರೂ ಬಾಯಿಗೆ ಏನೂ ಹಾಕದೆ ಹೊರಡಿ, ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ. ಈಗ ಆರಾಮಾಗಿದ್ದರೂ ಈ ವಾರವೇ ತೋರಿಸಿ, ಹೊಟ್ಟೆಯನ್ನು ಬಲಪಕ್ಕೆಯ ಒಳಗೋಡೆಗೆ ಹೊಲಿಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿ. ಹೊಲಿದ ಮೇಲೂ ಹೊಟ್ಟೆ ಉಬ್ಬಬಹುದು, ತಿರುಚಿಕೊಳ್ಳುವುದು ಮಾತ್ರ ಬಹುಮಟ್ಟಿಗೆ ತಪ್ಪುತ್ತದೆ. ಅಲ್ಲಿಯವರೆಗೆ ದಿನದ ಊಟವನ್ನು ಮೂರು ಪಾಲು ಮಾಡಿ, ಬಟ್ಟಲನ್ನು ಸ್ಟ್ಯಾಂಡಿನಿಂದ ನೆಲಕ್ಕೆ ಇಳಿಸಿ, ಉಂಡ ಕೂಡಲೇ ಓಡಿಸಬೇಡಿ.